ಜೋಡಿ ಆರಿಸುವುದಕ್ಕೂ ಬೆಲೆಯುಂಟು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಸಭೆಯೆಂದರೆ ಪಗಾರ, ರಜೆ, ಬೋನಸ್ಸು, ಪ್ರಾವಿಡೆಂಟ್ ಫಂಡು, ಇವೇ ಮಾತು. ಇವತ್ತು ಅವುಗಳಿಗೆ ಒಂದು ದಿನದ ರಜೆ ಕೊಟ್ಟು, ಏಡಿ, ಕಪ್ಪೆ, ನವಿಲು, ಮೀನು ಇವುಗಳ ಸಂಸಾರದ ಮಾತನ್ನಾಡಬೇಕೆಂದು ಸಮಿತಿಯಲ್ಲಿ ತೀರ್ಮಾನವಾದಾಗ ಕೆಲವರು ನಕ್ಕರು. ನಗಲಿ, ತಪ್ಪಿಲ್ಲ. ಆದರೆ ಮಾತು ಮುಗಿಯುವ ಹೊತ್ತಿಗೆ ಇದು ನಮ್ಮ ಮನೆಯ ಬಾಗಿಲಿಗೂ ಬಂದು ನಿಲ್ಲುವ ವಿಷಯವೆಂದು ತಮಗೇ ತಿಳಿಯುತ್ತದೆ.

ನಮ್ಮಲ್ಲಿ ಬಹಳ ಮಂದಿಯ ಓದು ಏಳನೆಯ ಇಯತ್ತೆಗೆ ನಿಂತದ್ದು. ಅಲ್ಲಿಂದ ಮುಂದೆ ಮೋರಿಯ ಬಳಿ ಕಪ್ಪುಬಸಿ ತೊಳೆದೆವು, ಮೇಜು ಒರೆಸಿದೆವು, ಗಲ್ಲಾದಲ್ಲಿ ಕುಳಿತವರ ಬೈಗುಳ ಕೇಳಿದೆವು. ದೊಡ್ಡ ವಿದ್ಯೆ ನಮ್ಮದಲ್ಲ. ಆದರೆ ಲೆಕ್ಕ ನಮಗೆ ಬರುತ್ತದೆ. ಒಂದು ಪ್ಲೇಟು ಇಡ್ಲಿಗೆ ಅಕ್ಕಿಯೆಷ್ಟು, ಉದ್ದೆಷ್ಟು, ಉರುವಲೆಷ್ಟು, ರುಬ್ಬಿದವನ ಕೂಲಿಯೆಷ್ಟು ಎಂದು ಬಲ್ಲವನಿಗೆ ಇವತ್ತಿನ ವಿಷಯ ಕಷ್ಟವಾಗದು. ಏಕೆಂದರೆ ಇದೂ ಲೆಕ್ಕದ ಮಾತೇ. ಪ್ರಾಣಿಗಳು ಜೋಡಿ ಆರಿಸಿಕೊಳ್ಳುವಾಗ ಏನು ಖರ್ಚಾಗುತ್ತದೆ? ಆ ಖರ್ಚನ್ನು ಯಾರು ತೆರುತ್ತಾರೆ? ಯಾವಾಗ ತೆರುತ್ತಾರೆ? ಖರ್ಚು ಹೆಚ್ಚಿದಾಗ ಏನು ಮಾಡುತ್ತಾರೆ? ಈ ನಾಲ್ಕು ಪ್ರಶ್ನೆಗಳಿಗೆ ತಿಳಿದವರು ಕಂಡುಕೊಂಡಿರುವ ಉತ್ತರವನ್ನು ನಾವು ಓದಿ, ಕೇಳಿ ತಿಳಿದಮಟ್ಟಿಗೆ ತಮ್ಮ ಮುಂದಿಡುತ್ತೇವೆ.

ಮೊದಲಿಗೆ ಒಂದು ಸಂದೇಹ. ಪ್ರಾಣಿಗಳಲ್ಲಿ ಆರಿಸುವ ಮಾತೆಲ್ಲಿಂದ ಬಂತು? ಬಲವುಳ್ಳ ಗಂಡು ಉಳಿದವನ್ನು ಹೊಡೆದೋಡಿಸುತ್ತದೆ, ಹೆಣ್ಣು ಗೆದ್ದವನ ಪಾಲಾಗುತ್ತದೆ, ಅಷ್ಟೇ ಅಲ್ಲವೇ? ಊರಿನಲ್ಲಿ ಟಗರು ಹಾಯುವುದನ್ನೂ ಹುಂಜ ಕಾದುವುದನ್ನೂ ನೋಡಿದ ನಾವು ಹಾಗೆಯೇ ತಿಳಿದಿರುತ್ತೇವೆ. ಇದು ಅರ್ಧ ನಿಜ. ಇನ್ನರ್ಧವನ್ನು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ೧೮೭೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಡಿಸಿ ಹೇಳಿದನು. ಗಂಡುಗಳು ತಮ್ಮತಮ್ಮಲ್ಲಿ ಕಾದುವುದು ಒಂದು ಬಗೆ. ಹೆಣ್ಣು ತಾನೇ ನೋಡಿ, ಕೇಳಿ, ತೂಗಿ ಒಬ್ಬನನ್ನು ಒಪ್ಪುವುದು ಇನ್ನೊಂದು ಬಗೆ. ಕಾದಾಟಕ್ಕೆ ಕೊಂಬು ಬೆಳೆಯಿತು, ಒಪ್ಪಿಗೆಗಾಗಿ ಬಣ್ಣ, ಹಾಡು, ಕುಣಿತ ಬೆಳೆದವು.

ಈ ಎರಡನೆಯ ಮಾತನ್ನು ಆ ಕಾಲದ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಜೀವವಿಕಾಸದ ತತ್ತ್ವವನ್ನು ಡಾರ್ವಿನ್ನನಂತೆಯೇ ಸ್ವತಂತ್ರವಾಗಿ ಕಂಡುಕೊಂಡಿದ್ದ ಆಲ್ಫ್ರೆಡ್ ವಾಲೇಸ್ ಕೂಡ ಒಪ್ಪಲಿಲ್ಲ. ಹೆಣ್ಣಿಗೆ, ಅದರಲ್ಲಿಯೂ ಹಕ್ಕಿ ಹುಳುವಿನ ಹೆಣ್ಣಿಗೆ, ಆರಿಸುವ ಬುದ್ಧಿಯುಂಟೇ ಎಂದು ಕೇಳಿದರು. ಸುಮಾರು ನೂರು ವರ್ಷ ಆ ವಿಚಾರ ಮೂಲೆಯಲ್ಲಿ ಬಿದ್ದಿತ್ತು. ೧೯೭೦ರ ಈಚೆಗೆ ಅದನ್ನು ಮತ್ತೆ ಕೈಗೆತ್ತಿಕೊಂಡು, ಕಾಡಿನಲ್ಲಿ, ಕಡಲದಂಡೆಯಲ್ಲಿ ಕುಳಿತು, ಕಣ್ಣಾರೆ ನೋಡಿ ಲೆಕ್ಕ ಬರೆದವರು ಬಹಳ ಮಂದಿ. ಅವರ ಶ್ರಮದಿಂದ ಇವತ್ತು ನಾವು ಮಾತನಾಡುತ್ತಿದ್ದೇವೆ.

ಮೊದಲು ಆರಿಸಲ್ಪಡಬೇಕಾದವನ ಖರ್ಚನ್ನು ನೋಡೋಣ. ನವಿಲನ್ನು ನಾವೆಲ್ಲರೂ ಬಲ್ಲೆವು. ಗಂಡುನವಿಲಿನ ಸೋಗೆ ಅದರ ಮೈಗಿಂತಲೂ ಎಷ್ಟೋ ಉದ್ದ. ಅದು ಹಾರಲು ಸಹಾಯವಲ್ಲ, ಕಾಳು ಹೆಕ್ಕಲು ಸಹಾಯವಲ್ಲ. ಮಳೆಗಾಲ ಮುಗಿದ ಮೇಲೆ ಆ ಗರಿಗಳೆಲ್ಲ ಉದುರುತ್ತವೆ, ಮುಂದಿನ ವರ್ಷಕ್ಕೆ ಮತ್ತೆ ಹೊಸದಾಗಿ ಬೆಳೆಸಬೇಕು. ವರ್ಷವರ್ಷವೂ ತಿಂದದ್ದರಲ್ಲಿ ಒಂದು ಪಾಲು ಅದಕ್ಕೇ ಮುಡಿಪು. ಡಾರ್ವಿನ್ನನಿಗೇ ಇದು ದೊಡ್ಡ ತಲೆನೋವಾಗಿತ್ತು. ನವಿಲುಗರಿ ಕಂಡರೆ ತನಗೆ ಓಕರಿಕೆ ಬರುತ್ತದೆಂಬ ಅರ್ಥದಲ್ಲಿ ೧೮೬೦ರಲ್ಲಿ ಅಮೇರಿಕೆಯ ಗೆಳೆಯನಿಗೆ ಕಾಗದ ಬರೆದಿದ್ದನು. ಬದುಕಲು ಉಪಯೋಗವಿಲ್ಲದ ಈ ಭಾರ ಹೇಗೆ ಉಳಿದುಬಂತು ಎಂಬುದೇ ಅವನ ಚಿಂತೆ. ಹೆಣ್ಣು ಅದನ್ನು ನೋಡಿ ಆರಿಸುತ್ತದೆಯೆಂಬುದೇ ಅವನು ಕೊನೆಗೆ ಕೊಟ್ಟ ಉತ್ತರ.

೧೯೭೫ರಲ್ಲಿ ಇಸ್ರೇಲಿನ ಅಮೋಟ್ಸ್ ಜಹಾವಿಯೆಂಬ ವಿದ್ವಾಂಸರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಭಾರವಾಗಿದೆಯೆಂಬುದೇ ಅದರ ಗುಣ ಎಂದರು. ಇದು ಮುಂಬಯಿಯಲ್ಲಿ ಇರುವ ನಮಗೆ ಬೇಗ ಅರ್ಥವಾಗುತ್ತದೆ. ಖೋಲಿ ಬೇಕೆಂದು ಬಂದವನು ಬಾಯಲ್ಲಿ ಎಷ್ಟು ಬೇಕಾದರೂ ಹೇಳಬಹುದು. ಪಗಡಿ ಎಣಿಸಿ ಇಟ್ಟವನ ಕೈಯಲ್ಲಿ ಹಣವುಂಟೆಂದು ಬೇರೆ ಸಾಕ್ಷಿ ಬೇಡ. ಹಾಗೆಯೇ ಆ ಭಾರದ ಸೋಗೆಯನ್ನು ಹೊತ್ತೂ ಹುಲಿ, ನರಿಗಳ ಬಾಯಿಂದ ತಪ್ಪಿಸಿಕೊಂಡು ಬದುಕಿರುವ ಗಂಡು ನಿಜವಾಗಿ ಗಟ್ಟಿ ಇರಬೇಕು. ಸುಳ್ಳು ಹೇಳಲಾಗದಷ್ಟು ದುಬಾರಿಯಾದ ಮಾತೇ ನಂಬಬಹುದಾದ ಮಾತು.

ಇನ್ನು ಪ್ರಾಣವನ್ನೇ ಪಣಕ್ಕಿಡುವವರನ್ನು ನೋಡಿರಿ. ಮಧ್ಯ ಅಮೇರಿಕೆಯ ಪನಾಮಾ ದೇಶದಲ್ಲಿ ತುಂಗಾರವೆಂಬ ಸಣ್ಣ ಕಪ್ಪೆಯುಂಟು. ರಾತ್ರಿ ನೀರಿನಲ್ಲಿ ಕುಳಿತು ಗಂಡು ಒಂದು ಎಳೆದ ಕೂಗು ಕೂಗುತ್ತದೆ. ಪೈಪೋಟಿ ಹೆಚ್ಚಿದರೆ ಆ ಕೂಗಿನ ಕೊನೆಗೆ ‘ಚಕ್ ಚಕ್’ ಎಂದು ಒಗ್ಗರಣೆ ಹಾಕುತ್ತದೆ. ಹೆಣ್ಣಿಗೆ ಒಗ್ಗರಣೆಯ ಕೂಗೇ ಇಷ್ಟ. ಆದರೆ ಅಲ್ಲಿಯೇ ಕಪ್ಪೆ ತಿನ್ನುವ ಬಾವಲಿಯೂ ಇದೆ. ಅದಕ್ಕೂ ಒಗ್ಗರಣೆಯೇ ಇಷ್ಟ! ಕತ್ತಲಲ್ಲಿ ಆ ಸದ್ದು ಹಿಡಿದೇ ಬಂದು ಎತ್ತಿಕೊಂಡು ಹೋಗುತ್ತದೆ. ಮೆರ್ಲಿನ್ ಟಟಲ್, ಮೈಕೇಲ್ ರಯಾನ್ ಎಂಬಿಬ್ಬರು ೧೯೮೧ರಲ್ಲಿ ಇದನ್ನು ತೋರಿಸಿಕೊಟ್ಟರು. ಸುಮ್ಮನಿದ್ದರೆ ಸಂತಾನವಿಲ್ಲ, ಕೂಗಿದರೆ ಪ್ರಾಣಕ್ಕೆ ಅಪಾಯ. ಆ ಕಪ್ಪೆಯ ಇಕ್ಕಟ್ಟು ಹೀಗಿದೆ.

ಹವಾಯಿ ದ್ವೀಪಗಳ ಪೈಕಿ ಕೌವಾಯಿ ಎಂಬಲ್ಲಿ, ರಾತ್ರಿ ಕಿರುಗುಟ್ಟುವ ಚಿಮ್ಮಂಡೆ ಹುಳುಗಳಿಗೆ ಇಂಥದೇ ಕಷ್ಟ ಬಂತು. ಗಂಡಿನ ಹಾಡನ್ನು ಕೇಳಿ ಒಂದು ಜಾತಿಯ ನೊಣ ಬಂದು ಅದರ ಮೇಲೆ ಮರಿ ಬಿಡುತ್ತದೆ. ಮರಿ ಒಳಹೊಕ್ಕು ತಿಂದು, ಚಿಮ್ಮಂಡೆಯನ್ನು ಕೊಂದು ಹೊರಬರುತ್ತದೆ. ಮಾರ್ಲೀನ್ ಜುಕ್ ಮತ್ತು ಅವರ ಜೊತೆಗಾರರು ೨೦೦೩ರಲ್ಲಿ ಅಲ್ಲಿಗೆ ಹೋದಾಗ ಆ ಬಯಲೆಲ್ಲ ನಿಶ್ಶಬ್ದ. ಹುಳುಗಳು ಸತ್ತುಹೋದವೇ ಎಂದರೆ ಇಲ್ಲ, ಬೇಕಾದಷ್ಟು ಇವೆ. ಹೆಚ್ಚಿನ ಗಂಡುಗಳ ರೆಕ್ಕೆಯ ರಚನೆಯೇ ಬದಲಾಗಿ ಹಾಡಲು ಬಾರದಂತಾಗಿತ್ತು. ಕೇವಲ ಇಪ್ಪತ್ತಕ್ಕಿಂತ ಕಡಿಮೆ ತಲೆಮಾರುಗಳಲ್ಲಿ ಈ ಬದಲಾವಣೆ. ಹಾಡುವ ಕೆಲವು ಗಂಡುಗಳ ಸುತ್ತ ಮೂಕ ಗಂಡುಗಳು ಹೋಗಿ ಕೂರುತ್ತವೆ, ಹಾಡು ಕೇಳಿ ಬಂದ ಹೆಣ್ಣನ್ನು ದಾರಿಯಲ್ಲಿಯೇ ಸಂಧಿಸುತ್ತವೆ. ಬೆಲೆ ಬಹಳ ಏರಿದಾಗ ಸಂತೆಯ ರೀತಿಯೇ ಬದಲಾಗುತ್ತದೆಯೆಂಬುದಕ್ಕೆ ಇದು ದೃಷ್ಟಾಂತ.

ಇದೆಲ್ಲ ಗಂಡಿನ ಕಥೆ. ಈ ಖರ್ಚು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಹೆಣ್ಣಿಗೇನು, ಕುಳಿತಲ್ಲಿಂದಲೇ ನೋಡಿ ಆರಿಸಿದರಾಯಿತು, ಅವಳಿಗೆ ಖರ್ಚೇನಿದೆ ಎಂದು ವಿದ್ವಾಂಸರೂ ಬಹುಕಾಲ ತಿಳಿದಿದ್ದರು. ಅಡುಗೆಮನೆಯ ದುಡಿಮೆ ಯಾವ ಖಾತೆಯಲ್ಲಿಯೂ ಬರೆಯಲ್ಪಡುವುದಿಲ್ಲವಲ್ಲ, ಹಾಗೆ. ಲೆಕ್ಕ ಹಾಕಿ ನೋಡಿದಾಗಲೇ ನಿಜ ತಿಳಿದದ್ದು.

ನಮ್ಮ ಕಡಲತೀರದಿಂದ ಬಂದವರು ಅಳಿವೆಯ ಕೆಸರಿನಲ್ಲಿ ಒಂದು ಬಗೆಯ ಸಣ್ಣ ಏಡಿಯನ್ನು ನೋಡಿರುತ್ತೀರಿ. ನೀರಿಳಿದಾಗ ನೂರಾರು ಏಡಿಗಳು ಬಿಲದಿಂದ ಹೊರಬರುತ್ತವೆ. ಗಂಡಿಗೆ ಒಂದು ಕೈ ಮಾತ್ರ ಬಹಳ ದೊಡ್ಡದು. ಆ ಕೈಯಿಂದ ತಿನ್ನಲಾಗದು, ಅದನ್ನೆತ್ತಿ ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣಿಗೆ ಎರಡೂ ಸಣ್ಣ ಕೈ, ಎರಡರಿಂದಲೂ ಉಣ್ಣುತ್ತದೆ. ಇದೇ ಕುಲದ ಏಡಿ ಅಮೇರಿಕೆಯ ಕ್ಯಾಲಿಫೋರ್ನಿಯಾ ತೀರದಲ್ಲಿಯೂ ಇದೆ. ಕ್ಯಾಥರಿನ್ ಡಿರಿವೇರಾ ಎಂಬ ವಿದುಷಿ ಅಲ್ಲಿ ಕುಳಿತು ಒಂದೊಂದು ಹೆಣ್ಣು ಎಷ್ಟು ಗಂಡುಗಳನ್ನು ನೋಡುತ್ತದೆಂದು ಎಣಿಸಿದರು. ೨೦೦೫ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಸರಾಸರಿ ೨೩. ಒಂದು ಹೆಣ್ಣಂತೂ ೧೦೬ ಗಂಡುಗಳ ಬಿಲ ನೋಡಿ ಬಂದ ಮೇಲೆ ಒಂದನ್ನು ಒಪ್ಪಿತು!

ನಗಬೇಡಿರಿ, ಅವಳು ನೋಡುವುದು ಗಂಡನ್ನಷ್ಟೇ ಅಲ್ಲ, ಮನೆಯನ್ನು. ಬಾಗಿಲಲ್ಲಿ ನಿಂತು, ಮೈ ಅರ್ಧ ತೂರಿಸಿ, ಒಳಗೆ ಇಳಿದು ಅಳತೆ ನೋಡುತ್ತಾಳೆ. ಮೊಟ್ಟೆಗಳನ್ನು ಹೊತ್ತು ಅವಳು ಇರಬೇಕಾದದ್ದು ಆ ಬಿಲದಲ್ಲಿ. ಬಿಲದ ಅಳತೆಯ ಮೇಲೆ ಮೊಟ್ಟೆ ಬಲಿಯುವ ಕಾಲ ನಿಲ್ಲುತ್ತದೆ. ರಾತ್ರಿಯ ದೊಡ್ಡ ಇಳಿತದ ಹೊತ್ತಿಗೆ ಸರಿಯಾಗಿ ಮರಿ ಹೊರಬಿದ್ದರೆ ನೀರು ಅವನ್ನು ಸುರಕ್ಷಿತವಾಗಿ ಕಡಲಿಗೆ ಒಯ್ಯುತ್ತದೆ. ಮುಂಚೆಯಾದರೆ, ತಡವಾದರೆ, ಆ ನೀರು ತಪ್ಪಿತು. ಲೋಕಲ್ ರೈಲು ತಪ್ಪಿದರೆ ಇನ್ನೊಂದುಂಟು. ಆ ಮರಿಗಳಿಗೆ ಇನ್ನೊಂದಿಲ್ಲ. ಅಷ್ಟಕ್ಕಾಗಿ ಅವಳು ತನ್ನ ಬಿಲ ಬಿಟ್ಟು ಬಯಲಲ್ಲಿ ಅಲೆಯುತ್ತಾಳೆ, ಉಣ್ಣುವ ಹೊತ್ತನ್ನು ಕಳೆಯುತ್ತಾಳೆ, ಮೇಲೆ ಹಾರುವ ಹಕ್ಕಿಗಳ ಕಣ್ಣಿಗೆ ಬೀಳುತ್ತಾಳೆ. ಹೊತ್ತು, ಹೊಟ್ಟೆ, ಜೀವ ಈ ಮೂರೂ ಅವಳ ಖರ್ಚಿನ ಬಾಬುಗಳು.

ಈಗ ಇವತ್ತಿನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇವೆ. ದಕ್ಷಿಣ ಅಮೇರಿಕೆಯ ಪಡುಗಡೆ, ಶಾಂತಸಾಗರದ ನಡುವೆ, ಎಕ್ವಡಾರ್ ದೇಶಕ್ಕೆ ಸೇರಿದ ಗಲಾಪಗಸ್ ದ್ವೀಪಗಳಿವೆ. ಅಲ್ಲಿ ನಮ್ಮ ಉಡವನ್ನು ಹೋಲುವ ಒಂದು ಪ್ರಾಣಿ ಕಡಲಿಗಿಳಿದು, ನೀರಿನೊಳಗಣ ಪಾಚಿಯನ್ನು ತಿಂದು ಬದುಕುತ್ತದೆ. ಕಡಲ ಇಗ್ವಾನವೆಂದು ಅದರ ಹೆಸರು. ಕೂಡುವ ಕಾಲ ಬಂದಾಗ ಗಂಡುಗಳು ಬಂಡೆಗಳ ಮೇಲೆ ಒಂದರ ಪಕ್ಕ ಒಂದು ಸಣ್ಣ ಸಣ್ಣ ಜಾಗ ಹಿಡಿದು, ತಲೆ ಕುಣಿಸುತ್ತ ನಿಲ್ಲುತ್ತವೆ. ಹೆಣ್ಣು ಅವರ ನಡುವೆ ತಿರುಗಿ ನೋಡುತ್ತದೆ. ಸಾಮಾನ್ಯವಾಗಿ ಒಂದು ಋತುವಿಗೆ ಒಮ್ಮೆ ಮಾತ್ರ ಕೂಡುತ್ತದೆ. ಗಂಡು ಅನ್ನ ತಂದು ಹಾಕುವುದಿಲ್ಲ, ಮೊಟ್ಟೆ ಕಾಯುವುದಿಲ್ಲ, ಮರಿ ನೋಡುವುದಿಲ್ಲ. ಅವನಿಂದ ಬರುವುದು ಬೀಜ ಒಂದೇ.

ಮೇರನ್ ವಿಟೌಸೆಕ್, ಮಾರ್ಟಿನ್ ವಿಕೆಲ್ಸ್ಕಿ ಮೊದಲಾದವರು ಈ ಹೆಣ್ಣುಗಳ ಎದೆಬಡಿತವನ್ನು ಬರೆದಿಡುವ ಸಣ್ಣ ಯಂತ್ರಗಳನ್ನು ಅಳವಡಿಸಿ, ಆರಿಸುವ ಕೆಲಸಕ್ಕೆ ಎಷ್ಟು ಶಕ್ತಿ ವೆಚ್ಚವಾಗುತ್ತದೆಂದು ಅಳೆದರು. ೨೦೦೭ರಲ್ಲಿ ಅದು ಪ್ರಕಟವಾಯಿತು. ಹೆಣ್ಣಿನ ಆಯ್ಕೆಯ ವೆಚ್ಚವನ್ನು ಹೀಗೆ ನೇರವಾಗಿ ಅಳೆದದ್ದು ಅದೇ ಮೊದಲು. ಮೂವತ್ತು ದಿನಗಳಲ್ಲಿ ಆರಿಸುವುದಕ್ಕೆಂದೇ ಹೆಣ್ಣು ಮಾಡಿದ ವೆಚ್ಚ, ಅದರ ಒಂದು ದಿನದ ಒಟ್ಟು ಖರ್ಚಿನ ಸುಮಾರು ಮುಕ್ಕಾಲು ಪಾಲು.

ತಿಂಗಳಿಗೆ ಮುಕ್ಕಾಲು ದಿನದ ಖರ್ಚು, ಇದೇನು ಮಹಾ ಎಂದು ಯಾರಾದರೂ ಹೇಳಬಹುದು. ತಿಂಗಳಿಗೆ ಮುಕ್ಕಾಲು ದಿನದ ಪಗಾರ ಮುರಿದುಕೊಂಡರೆ ಏನು ಮಹಾ ಎಂದು ಮಾಲಿಕರು ಹೇಳಿದಾಗ ನಾವು ಸುಮ್ಮನಿರುತ್ತೇವೆಯೇ? ಕೈಯಿಂದ ಬಾಯಿಗೆ ಬದುಕುವವನಿಗೆ ಅಷ್ಟೇ ದೊಡ್ಡದು. ಮುಂದೆ ಕೇಳಿರಿ. ಎಲ್ಲ ಹೆಣ್ಣುಗಳ ಖರ್ಚೂ ಒಂದೇ ಅಲ್ಲ. ಹೆಚ್ಚು ಚಟುವಟಿಕೆಯ, ಹೆಣ್ಣುಗಳು ಮೆಚ್ಚುವ ಗಂಡುಗಳ ಜಾಗದಲ್ಲಿ ಹೆಚ್ಚು ಹೊತ್ತು ಇದ್ದ ಹೆಣ್ಣುಗಳಿಗೆ ಖರ್ಚು ಹೆಚ್ಚು. ಅವುಗಳ ತೂಕ ಹೆಚ್ಚು ಇಳಿಯಿತು. ಅವುಗಳ ಒಡಲಲ್ಲಿ ಬೆಳೆಯುವ ಮೊಟ್ಟೆಯ ಕೋಶಗಳು ತುಸು ಸಣ್ಣವಾಗುವ ಒಲವೂ ಕಂಡಿತು. ಒಳ್ಳೆಯ ತಂದೆಯನ್ನು ಹುಡುಕುವ ಖರ್ಚು ಮಗುವಿನ ಅನ್ನದಿಂದಲೇ ಹೋಯಿತು.

ಕಥೆ ಇಲ್ಲಿಗೂ ಮುಗಿಯಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಆ ಸಮುದ್ರದ ನೀರು ಬಿಸಿಯೇರುತ್ತದೆ. ಎಲ್ ನಿನ್ಯೊ ಎಂದು ಅದಕ್ಕೆ ಹೆಸರು. ಆಗ ಈ ಪ್ರಾಣಿಯ ಆಹಾರವಾದ ಪಾಚಿ ನಾಶವಾಗುತ್ತದೆ. ಅಂಥ ಬರದಲ್ಲಿ, ೧೯೮೨-೮೩ರಲ್ಲಿ, ಇಗ್ವಾನಗಳು ಗುಂಪುಗುಂಪಾಗಿ ಸತ್ತವು. ಹಿಂದಿನ ವರ್ಷ ಆರಿಸುವುದರಲ್ಲಿ ಹೆಚ್ಚು ತೆತ್ತು ತೂಕ ಕಳೆದುಕೊಂಡ ಹೆಣ್ಣು, ಮುಂದಿನ ವರ್ಷ ಇಂಥ ಬರ ಬಂದರೆ ಬದುಕುವ ಸಂಭವ ಕಡಿಮೆಯೆಂದು ಆ ಸಂಶೋಧಕರ ಲೆಕ್ಕ ಸೂಚಿಸುತ್ತದೆ. ಮಳೆ ಬೆಳೆ ಚೆನ್ನಾಗಿದ್ದರೆ ಆ ಸಾಲ ಕಾಣುವುದೇ ಇಲ್ಲ. ಬರ ಬಂದಾಗ ಬಡ್ಡಿಸಹಿತ ವಸೂಲಾಗುತ್ತದೆ. ಮಗಳ ಮದುವೆಗೆ ಸಾಲ ಮಾಡಿದವನು ಹೋಟೇಲು ನಡೆಯುತ್ತಿರುವತನಕ ಹೇಗೋ ತೀರಿಸುತ್ತಾನೆ. ಹೋಟೇಲಿಗೆ ಬೀಗ ಬಿದ್ದ ತಿಂಗಳು ಅದೇ ಸಾಲ ಕೊರಳಿಗೆ ಬರುತ್ತದೆ. ೧೯೮೨ರ ಗಿರಣಿ ಮುಷ್ಕರದ ಕಾಲ ಕಂಡ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಖರ್ಚು ಏರಿದಾಗ ಹೆಣ್ಣು ಏನು ಮಾಡುತ್ತದೆ? ಇದಕ್ಕೂ ಪರೀಕ್ಷೆ ಮಾಡಿ ನೋಡಿದ್ದಾರೆ. ಯೂರೋಪಿನ ನೀರುಗಳಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಬೆನ್ನಿಗೆ ಮುಳ್ಳಿರುವ ಸಣ್ಣ ಮೀನುಂಟು. ಕೂಡುವ ಕಾಲಕ್ಕೆ ಗಂಡಿನ ಕೊರಳು ಕೆಂಪಾಗುತ್ತದೆ. ಹೆಚ್ಚು ಕೆಂಪಾದವನೇ ಹೆಣ್ಣಿಗೆ ಮೆಚ್ಚು. ಮಿಲಿನ್ಸ್ಕಿ, ಬಾಕರ್ ಎಂಬವರು ೧೯೯೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದು ಗಂಡನ್ನು ನೋಡಿ ಇನ್ನೊಂದರ ಬಳಿ ಹೋಗಲು ಹೆಣ್ಣು ಹರಿವಿಗೆ ಎದುರಾಗಿ ಈಜಬೇಕೆಂದು ಮಾಡಿದರು. ಆಗ ಹೆಣ್ಣಿನ ಆಯ್ಕೆ ಸಡಿಲವಾಯಿತು. ನಿಂತ ನೀರಿನಲ್ಲಿ ಬೇಡವೆನ್ನುತ್ತಿದ್ದವನನ್ನು ಹರಿವಿನಲ್ಲಿ ಸಾಕೆಂದು ಒಪ್ಪಿತು.

ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಗಪ್ಪಿ ಮೀನನ್ನು ತಾವೆಲ್ಲ ನೋಡಿದ್ದೀರಿ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ನಮ್ಮಲ್ಲಿ ಬಾವಿ, ಕೆರೆಗಳಿಗೂ ಬಿಡುತ್ತಾರೆ. ಅದರ ತವರು ಟ್ರಿನಿಡಾಡ್ ದ್ವೀಪದ ಕಡೆ. ಅಲ್ಲಿಯ ಹೆಣ್ಣಿಗೆ ಬಣ್ಣಬಣ್ಣದ ಗಂಡು ಇಷ್ಟ. ಆದರೆ ತಿನ್ನುವ ದೊಡ್ಡ ಮೀನು ಹತ್ತಿರ ಕಂಡರೆ, ಅಪಾಯ ಹೆಚ್ಚಿರುವ ಹೊಳೆಯಿಂದ ಬಂದ ಹೆಣ್ಣುಗಳು ಬಣ್ಣದವನ ಆಸೆ ಕಡಿಮೆ ಮಾಡಿದವು. ಬಣ್ಣದವನ ಪಕ್ಕ ನಿಂತರೆ ವೈರಿಯ ಕಣ್ಣು ತನ್ನ ಮೇಲೂ ಬೀಳುತ್ತದೆ. ಅಪಾಯವಿಲ್ಲದ ಹೊಳೆಯಿಂದ ಬಂದ ಹೆಣ್ಣುಗಳ ಇಷ್ಟ ಬದಲಾಗಲಿಲ್ಲ. ಇದು ೧೯೯೬ರಲ್ಲಿ ಪ್ರಕಟವಾದ ಶೋಧ. ಅಮೇರಿಕೆಯ ಚಿಮ್ಮಂಡೆಗಳಲ್ಲಿಯೂ ಹೀಗೆಯೇ. ಚೆನ್ನಾಗಿ ಹಾಡುವವನ ಕಡೆಗಿನ ದಾರಿ ಬಟ್ಟಬಯಲಾಗಿ, ಸಾಧಾರಣ ಹಾಡುಗಾರನ ಕಡೆ ಮರೆಯುಳ್ಳ ದಾರಿಯಿದ್ದರೆ, ಹೆಣ್ಣುಗಳು ಸಾಧಾರಣನ ಕಡೆಗೆ ತಿರುಗುವುದು ಹೆಚ್ಚುತ್ತದೆಂದು ೧೯೯೩ರಲ್ಲಿ ಕಂಡುಕೊಂಡರು.

ಸೋದರರೇ, ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸಾಧಾರಣನನ್ನು ಒಪ್ಪಿದ ಹೆಣ್ಣನ್ನು ನೋಡಿ, ಇವಳ ರುಚಿಯೇ ಇಷ್ಟು ಎಂದು ಹೇಳುವ ಹಾಗಿಲ್ಲ. ಅವಳ ರುಚಿ ಬೇರೆಯೇ ಇತ್ತು. ದಾರಿಯ ಖರ್ಚು ಅವಳನ್ನು ಅಲ್ಲಿ ನಿಲ್ಲಿಸಿತು. ಒಬ್ಬನು ಮಾಡಿದ ಆಯ್ಕೆಯನ್ನು ನೋಡುವಾಗ ಅವನ ಎದುರಿಗೆ ಯಾವ ಹರಿವು ಇತ್ತೆಂಬುದನ್ನೂ ನೋಡಬೇಕು.

ಇಷ್ಟೆಲ್ಲ ತೆತ್ತು ಆರಿಸುವುದಾದರೂ ಏಕೆ? ಲಾಭವಿಲ್ಲದೆ ಇಷ್ಟು ಖರ್ಚು ತಲೆಮಾರುಗಳ ಕಾಲ ನಡೆಯಲಾರದು. ಉತ್ತರ ಅಮೇರಿಕೆಯ ಬಯಲುಗಳಲ್ಲಿ ಜಿಂಕೆಯಂಥ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿಯಿದೆ. ಕೂಡುವ ಕಾಲ ಹತ್ತಿರವಾದಾಗ ಹೆಣ್ಣು ಒಬ್ಬ ಗಂಡಿನ ಹಿಂಡಿನಿಂದ ಇನ್ನೊಬ್ಬನ ಹಿಂಡಿಗೆ ಅಲೆದು ನೋಡಿ ಬರುತ್ತದೆ. ಮಾಂಟಾನಾ ಪ್ರಾಂತದಲ್ಲಿ ಜಾನ್ ಬೈಯರ್ಸ್ ಮತ್ತು ಜೊತೆಗಾರರು ಈ ಹೆಣ್ಣುಗಳನ್ನು ಬಹಳ ವರ್ಷ ಹಿಂಬಾಲಿಸಿದರು. ಹೆಣ್ಣುಗಳು ಹೆಚ್ಚಾಗಿ ಮೆಚ್ಚಿದ ಗಂಡುಗಳ ಮರಿಗಳು, ಹಾಲು ಬಿಡುವತನಕ ಮತ್ತು ಆಮೇಲೂ ಬದುಕುಳಿದದ್ದು ಹೆಚ್ಚೆಂದು ೨೦೦೬ರಲ್ಲಿ ಪ್ರಕಟಿಸಿದರು. ಅಲೆದಾಟದ ಬೆಲೆ ಮಗುವಿನ ಆಯುಷ್ಯವಾಗಿ ಹಿಂತಿರುಗಿತು.

ಎಲ್ಲೆಡೆ ಹೀಗೆಯೇ ಎಂದು ನಾವು ಹೇಳುವುದಿಲ್ಲ. ನವಿಲಿನ ವಿಷಯವನ್ನೇ ನೋಡಿರಿ. ಸೋಗೆಯ ಕಣ್ಣುಗಳು ದೊಡ್ಡದಾಗಿರುವ ಗಂಡುಗಳ ಮರಿಗಳು ಚೆನ್ನಾಗಿ ಬೆಳೆದು ಹೆಚ್ಚು ಉಳಿದವೆಂದು ಇಂಗ್ಲೆಂಡಿನ ಮ್ಯಾರಿಯನ್ ಪೆಟ್ರಿ ೧೯೯೪ರಲ್ಲಿ ತೋರಿಸಿದರು. ಜಪಾನಿನಲ್ಲಿ ತಕಾಹಾಶಿ ಮತ್ತು ಜೊತೆಗಾರರು ಏಳು ವರ್ಷ ನೋಡಿ, ಅಲ್ಲಿಯ ಹೆಣ್ಣುನವಿಲುಗಳು ಸೋಗೆಯನ್ನು ನೋಡಿ ಆರಿಸಿದ ಗುರುತೇ ಕಾಣಲಿಲ್ಲವೆಂದು ೨೦೦೮ರಲ್ಲಿ ಬರೆದರು. ಇಬ್ಬರೂ ಕಂಡದ್ದನ್ನು ಬರೆದವರೇ. ಶಾಸ್ತ್ರವೆಂದರೆ ಹೀಗೆ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುತ್ತಲೇ ಇರಬೇಕು.

ಇನ್ನೊಂದು ಸಂಗತಿ ಹೇಳದೆ ಇರಲಾರೆವು. ಏಕೆಂದರೆ ಇದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಕೆಲಸ. ನಮ್ಮ ದಕ್ಷಿಣದ ಕುರುಚಲು ಗಿಡಗಳಲ್ಲಿ ಒಂದು ಬಗೆಯ ಗಿಡಚಿಮ್ಮಂಡೆಯಿದೆ. ದೊಡ್ಡ ದನಿಯ ಗಂಡು ಹೆಣ್ಣಿಗೆ ಇಷ್ಟ. ಸಣ್ಣ ಮೈಯ, ಸಣ್ಣ ದನಿಯ ಗಂಡು ಏನು ಮಾಡಬೇಕು? ಅದು ಎಲೆಯ ನಡುವೆ ತೂತು ಕಡಿದು, ಆ ತೂತಿನಲ್ಲಿ ತಲೆಯಿಟ್ಟು ರೆಕ್ಕೆ ಎಲೆಗೆ ಒತ್ತುವಂತೆ ನಿಂತು ಹಾಡುತ್ತದೆ. ಎಲೆ ತಗಡಿನಂತಾಗಿ ದನಿ ಬಹಳ ಜೋರಾಗುತ್ತದೆ. ರಿತ್ತಿಕ್ ದೇಬ್, ರೋಹಿಣಿ ಬಾಲಕೃಷ್ಣನ್ ಮೊದಲಾದವರು ೨೦೨೦ರಲ್ಲಿ ಪ್ರಕಟಿಸಿದಂತೆ, ಈ ಉಪಾಯವನ್ನು ಹೆಚ್ಚಾಗಿ ಮಾಡುವವರು ಸಣ್ಣ ಗಂಡುಗಳೇ. ಅದರಿಂದ ಅವರ ಬಳಿಗೆ ಬರುವ ಹೆಣ್ಣುಗಳೂ ಹೆಚ್ಚುತ್ತವೆ. ಇದನ್ನು ಮೋಸವೆನ್ನುವಿರೋ ಜಾಣತನವೆನ್ನುವಿರೋ ತಮಗೆ ಬಿಟ್ಟದ್ದು. ದೇವರು ಕೊಟ್ಟ ಗಂಟಲು ಸಾಲದವನು ಎಲೆಯನ್ನು ಹುಡುಕಿಕೊಂಡನು.

ಇನ್ನು ನಮ್ಮ ಮಾತು. ಪ್ರಾಣಿಗಳು ಹೀಗೆ ಮಾಡುತ್ತವೆ, ಆದ್ದರಿಂದ ಮನುಷ್ಯನೂ ಹೀಗೇ ಮಾಡಬೇಕೆಂದು ಹೇಳುವವರನ್ನು ನಂಬಬೇಡಿರಿ. ಏಡಿಯಿಂದ ಮನುಷ್ಯನಿಗೆ ಕಾನೂನು ಬರುವುದಿಲ್ಲ. ಆದರೆ ಹೆಣ್ಣಿಗೆ ಆರಿಸುವುದೇನಿದೆ, ಅದು ಪ್ರಕೃತಿಯಲ್ಲಿಯೇ ಇಲ್ಲ ಎಂದು ಹೇಳುವ ಹಿರಿಯರಿಗೆ ಉತ್ತರವಂತೂ ಸಿಕ್ಕಿತು. ಪ್ರಕೃತಿಯಲ್ಲಿ ಅದು ಇದೆ, ಮೈಯ ತೂಕವನ್ನು ತೆತ್ತಾದರೂ ಹೆಣ್ಣು ಅದನ್ನು ಬಿಟ್ಟುಕೊಟ್ಟಿಲ್ಲ.

ನಮ್ಮ ಮದುವೆಗಳು ಹೇಗೆ ನಡೆಯುತ್ತವೆ? ಹದಿನೈದು ದಿನ ರಜೆ ಸಿಕ್ಕಿತು. ಬರುವ ಹೋಗುವ ಪ್ರಯಾಣಕ್ಕೆ ಎರಡು ದಿನ. ಮೊಬೈಲಿನಲ್ಲಿ ಬಂದ ಒಂದು ಫೋಟೋ. ಎರಡು ಮನೆಗೆ ಹೋಗಿ ಅವಲಕ್ಕಿ, ಶೀರಾ ತಿಂದು, ಹುಡುಗಿಯ ಮುಖವನ್ನು ಐದು ನಿಮಿಷ ನೋಡಿ, ರಜೆ ಮುಗಿಯುವುದರೊಳಗೆ ನಿಶ್ಚಯ. ರಜೆಯಿಲ್ಲದವನಿಗೆ ಆಯ್ಕೆಯೂ ಇಲ್ಲ. ಹರಿವಿಗೆ ಎದುರು ಈಜುವ ಮೀನಿನಂತೆ, ಸಿಕ್ಕಿದ್ದು ಸಾಕು ಎನ್ನುತ್ತೇವೆ. ರಜೆಗಾಗಿ ಸಂಘ ಹೋರಾಡುವಾಗ ಹಬ್ಬಕ್ಕೆ ಊರಿಗೆ ಹೋಗುವುದಕ್ಕಷ್ಟೇ ಎಂದು ತಿಳಿಯಬೇಡಿರಿ. ಬಾಳಿನ ಜೊತೆಗಾತಿಯನ್ನು ನೋಡಿ, ಮಾತನಾಡಿಸಿ, ಯೋಚಿಸುವಷ್ಟು ಹೊತ್ತೂ ಆ ರಜೆಯಲ್ಲಿದೆ.

ನಮ್ಮ ಕಷ್ಟ ಇಷ್ಟಾದರೆ ಆ ಹುಡುಗಿಯದೆಷ್ಟು? ನಾವು ಎರಡು ಮನೆಯನ್ನಾದರೂ ನೋಡಿದೆವು. ಅವಳು ಒಂದು ಮನೆಯನ್ನೂ ನೋಡಲಿಲ್ಲ. ಮುಂಬಯಿಯಲ್ಲಿ ಅವಳು ಬಂದು ಇರಬೇಕಾದ ಖೋಲಿ ಎಷ್ಟು ಅಗಲ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಆ ಖೋಲಿಯಲ್ಲಿ ಇನ್ನೆಷ್ಟು ಜನರಿದ್ದಾರೆ ಎಂಬುದನ್ನು ಅವಳಿಗೆ ಯಾರು ಹೇಳಿದರು? ಏಡಿಯ ಹೆಣ್ಣಾದರೂ ಬಿಲದೊಳಗೆ ಇಳಿದು ಅಳತೆ ನೋಡಿ ಒಪ್ಪುತ್ತದೆ.

ಇದರ ಮೇಲೆ ವರದಕ್ಷಿಣೆ. ೧೯೬೧ರ ಕಾನೂನು ಅದನ್ನು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅಪರಾಧವೆಂದು ಸಾರಿದೆ. ಹೆಸರು ಬದಲಿಸಿ ಉಡುಗೊರೆ, ಮರ್ಯಾದೆ ಎಂದು ಇನ್ನೂ ನಡೆಯುತ್ತಿದೆ. ಸ್ಟಿಕಲ್‌ಬ್ಯಾಕ್ ಮೀನಿನ ಎದುರಿಗೆ ನೀರು ಹರಿಸಿದವರು ಪರೀಕ್ಷೆಗಾಗಿ ಹರಿಸಿದರು, ಪರೀಕ್ಷೆ ಮುಗಿದ ಮೇಲೆ ನಿಲ್ಲಿಸಿದರು. ನಮ್ಮ ಅಕ್ಕತಂಗಿಯರ ಎದುರಿಗೆ ಹರಿವನ್ನು ಹರಿಸುತ್ತಿರುವವರು ನಾವೇ. ಐದು ಸಾವಿರ ಕಡಿಮೆ ಕೇಳಿದವನೇ ಒಳ್ಳೆಯ ವರನೆಂದು ತಂದೆ ಒಪ್ಪಬೇಕಾಗುತ್ತದೆ. ಆಮೇಲೆ ಅವಳ ಹಣೆಬರಹವೆನ್ನುತ್ತೇವೆ.

ಇಗ್ವಾನದ ಖರ್ಚನ್ನು ಯಾರೂ ಕಡಿಮೆ ಮಾಡಲಾರರು, ಕಡಲಿನ ಬಿಸಿ ಅದರ ಕೈಯಲ್ಲಿಲ್ಲ. ನಮ್ಮ ಖರ್ಚಿನಲ್ಲಿ ಬಹುಪಾಲು ನಾವೇ ಹೇರಿಕೊಂಡದ್ದು, ನಾವೇ ಇಳಿಸಬಹುದು. ಆದ್ದರಿಂದ ಸಂಘದ ಪರವಾಗಿ ಮೂರು ಸಲಹೆಗಳನ್ನು ತಮ್ಮ ಮುಂದಿಡುತ್ತೇವೆ. ಒಂದು, ನಮ್ಮ ಸದಸ್ಯರು ಯಾರೂ ವರದಕ್ಷಿಣೆ ಕೇಳುವುದಿಲ್ಲವೆಂದು ಈ ಸಭೆಯಲ್ಲಿಯೇ ಕೈಯೆತ್ತಿ ಹೇಳಬೇಕು. ಎರಡು, ಹುಡುಗಿಯೊಡನೆ ಅವಳ ಮನೆಯಲ್ಲಿಯೇ ಕುಳಿತು ಮಾತನಾಡಿ, ಇಲ್ಲಿಯ ಖೋಲಿ, ಪಗಾರ, ಪಾಳಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ, ಅವಳ ಬಾಯಿಂದ ಹೂಂ ಬರುವತನಕ ಕಾಯಬೇಕು. ಬೇಡವೆಂದರೆ ಅವಮಾನವೆಂದು ತಿಳಿಯಬಾರದು. ಮೂರು, ಮದುವೆಯ ಮಾತುಕತೆಗಾಗಿ ಊರಿಗೆ ಹೋಗುವವನ ಪಾಳಿಯನ್ನು ಉಳಿದವರು ಹಂಚಿಕೊಂಡು ಮಾಡಿ, ಅವನಿಗೆ ಹತ್ತು ದಿನ ಹೆಚ್ಚು ಸಿಗುವಂತೆ ನೋಡಬೇಕು. ಇದಕ್ಕೆ ಮಾಲಿಕರ ಅಪ್ಪಣೆಗಿಂತ ನಮ್ಮ ಒಗ್ಗಟ್ಟು ಮುಖ್ಯ.

ಆರಿಸುವುದಕ್ಕೆ ಬೆಲೆಯುಂಟು. ಆರಿಸದೆ ಇದ್ದುದಕ್ಕೂ ಬೆಲೆಯುಂಟು, ಅದನ್ನು ನಮ್ಮಲ್ಲಿ ಬಹುಕಾಲದಿಂದ ಹೆಣ್ಣುಮಕ್ಕಳೇ ತೆರುತ್ತ ಬಂದಿದ್ದಾರೆ. ಈ ಲೆಕ್ಕವನ್ನು ಇನ್ನು ಮುಂದೆ ಇಬ್ಬರೂ ಸೇರಿ ಬರೆಯೋಣ. ಈಗ ಮೊದಲನೆಯ ಸಲಹೆಗೆ ಕೈಯೆತ್ತಬೇಕೆಂದು ಅಧ್ಯಕ್ಷರು ಕೇಳುತ್ತಾರೆ. ಕೈಯೆತ್ತುವ ಮುಂಚೆ ಯೋಚಿಸಿರಿ, ಎತ್ತಿದ ಮೇಲೆ ಇಳಿಸಬೇಡಿರಿ.